ಕಿತ್ತಳೆ ತೋಳಪಟ್ಟಿಯೋ, ನೀಲಿ ಗೆರೆಯೋ? ಐಸ್ ಹಾಕಿಯಲ್ಲಿ ರೆಫರಿ ಆಗಬೇಕಾ, ಲೈನ್ಸ್‌ಮನ್ ಆಗಬೇಕಾ

ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ ಪಂದ್ಯ ನೋಡುವಾಗ ಕಪ್ಪು-ಬಿಳಿ ಪಟ್ಟೆ ಅಂಗಿಯ ನಾಲ್ಕು ಜನ ಆಟಗಾರರ ನಡುವೆ ಓಡಾಡುತ್ತಿರುತ್ತಾರೆ. ಮೊದಮೊದಲು ನಾಲ್ವರೂ ಒಂದೇ ಥರ ಕಾಣುತ್ತಾರೆ. ಆಮೇಲೆ ಗಮನಕ್ಕೆ ಬರುತ್ತದೆ, ಇಬ್ಬರ ತೋಳಿನ ಮೇಲೆ ಕಿತ್ತಳೆ ಬಣ್ಣದ ಪಟ್ಟಿ ಇದೆ. ಅವರು ರೆಫರಿಗಳು. ಪಟ್ಟಿ ಇಲ್ಲದ ಇಬ್ಬರು ಲೈನ್ಸ್‌ಮನ್‌ಗಳು. ಈಗೀಗ ನಿಯಮದ ಪುಸ್ತಕ ಲೈನ್ಸ್‌ಪರ್ಸನ್ ಅನ್ನುತ್ತದೆ, ಬಾಯಿಮಾತಿನಲ್ಲಿ ಹಳೇ ಹೆಸರು ಇನ್ನೂ ಓಡುತ್ತಿದೆ.

ಈ ಕೆಲಸಕ್ಕೆ ಬರಬೇಕು ಅನ್ನುವವರಿಗೆ ಮೊದಲು ಹೊಳೆಯುವುದು ರೆಫರಿ ಆಗುವುದೇ. ರೆಫರಿ ಸಾಹೇಬ, ಲೈನ್ಸ್‌ಮನ್ ಅವನ ಸಹಾಯಕ, ನಾಲ್ಕು ವರ್ಷ ಗೆರೆ ಕಾದರೆ ಬಡ್ತಿ ಸಿಗುತ್ತದೆ ಎಂಬ ಲೆಕ್ಕ. ಈ ಲೆಕ್ಕ ತಪ್ಪು. ಮೇಲಿನ ಮಟ್ಟದಲ್ಲಿ ಇವು ಎರಡು ಬೇರೆ ಬೇರೆ ಕೆಲಸ, ಬೇರೆ ಬೇರೆ ಜೀವನ. ಎನ್‌ಎಚ್‌ಎಲ್‌ಗೆ ಲೈನ್ಸ್‌ಮನ್ ಆಗಿ ಸೇರಿದವರು ಸಾಮಾನ್ಯವಾಗಿ ಲೈನ್ಸ್‌ಮನ್ ಆಗಿಯೇ ನಿವೃತ್ತರಾಗುತ್ತಾರೆ.

ಹಾಗಾದರೆ ಆರಿಸುವುದು ಹೇಗೆ? ಸಂಬಳ ನೋಡಿ ಅಲ್ಲ. ಟಿವಿಯಲ್ಲಿ ಎಷ್ಟು ಸಲ ಕಾಣಿಸಿಕೊಳ್ಳುತ್ತೀರಿ ಅಂತಲೂ ಅಲ್ಲ. ಯಾವ ಥರದ ತಪ್ಪು ಮಾಡಿ ನೀವು ರಾತ್ರಿ ನಿದ್ದೆ ಮಾಡಬಲ್ಲಿರಿ, ನನ್ನ ಪ್ರಕಾರ ಕೇಳಿಕೊಳ್ಳಬೇಕಾದ ಪ್ರಶ್ನೆ ಅದು. ತಪ್ಪಂತೂ ಇಬ್ಬರಿಗೂ ತಪ್ಪಿದ್ದಲ್ಲ.

ಯಾರ ಪಾಲಿಗೆ ಏನು

ರೆಫರಿಯ ಪಾಲಿಗೆ ಪೆನಾಲ್ಟಿ (ತಪ್ಪು ಮಾಡಿದವನನ್ನು ಕೆಲವು ನಿಮಿಷ ಹೊರಗೆ ಕೂರಿಸುವ ಶಿಕ್ಷೆ) ಮತ್ತು ಗೋಲು. ಕೋಲು ಅಡ್ಡ ಹಾಕಿ ಬೀಳಿಸಿದ್ದು, ಹಿಂದಿನಿಂದ ಗೋಡೆಗೆ ತಳ್ಳಿದ್ದು, ಕೋಲು ಮುಖಕ್ಕೆ ತಾಗಿದ್ದು, ಎಲ್ಲವನ್ನೂ ಅವನೇ ತೂಗಬೇಕು. ತಪ್ಪು ಮಾಡಿದ ತಂಡದ ಬಳಿ ಪಕ್, ಅಂದರೆ ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ, ಇಲ್ಲದಿದ್ದರೆ ಕೈ ಮೇಲೆತ್ತಿ ಕಾಯುತ್ತಾನೆ. ಆ ತಂಡದವರು ಪಕ್ ಹಿಡಿತಕ್ಕೆ ತೆಗೆದುಕೊಂಡ ಕೂಡಲೇ ಸೀಟಿ. ಆಮೇಲೆ ಸೊಂಟದ ಮೈಕ್ ಒತ್ತಿ ಯಾರಿಗೆ ಏನು ಶಿಕ್ಷೆ ಅಂತ ಇಡೀ ಕ್ರೀಡಾಂಗಣಕ್ಕೆ ಕೇಳುವಂತೆ ಹೇಳುತ್ತಾನೆ. ನಾಯಕ ಬಂದು ವಾದ ಮಾಡುವುದು ಅವನ ಹತ್ತಿರ. ಬೆಂಚಿನಿಂದ ಕೋಚ್ ಕೂಗಾಡುವುದೂ ಅವನ ಮೇಲೆಯೇ.

ಲೈನ್ಸ್‌ಮನ್ ಪಾಲಿಗೆ ಆಫ್‌ಸೈಡ್ (ಪಕ್ಕಿಗಿಂತ ಮೊದಲೇ ಆಟಗಾರ ನೀಲಿ ಗೆರೆ ದಾಟಿ ಎದುರಾಳಿಯ ವಲಯ ಹೊಕ್ಕಿದ್ದು), ಐಸಿಂಗ್ (ತನ್ನ ಅರ್ಧದಿಂದ ಪಕ್ಕನ್ನು ಎದುರಾಳಿಯ ಗೋಲ್ ಗೆರೆಯಾಚೆಗೆ ಅಟ್ಟಿದ್ದು), ಫೇಸ್‌ಆಫ್ (ಇಬ್ಬರ ನಡುವೆ ಪಕ್ ಬೀಳಿಸಿ ಆಟ ಶುರು ಮಾಡುವುದು), ಮತ್ತೆ ಹೊಡೆದಾಟ ಬಿಡಿಸುವುದು. ಪ್ರತಿ ಪಿರಿಯಡ್‌ನ ಮೊದಲ ಪಕ್ ರೆಫರಿ ಬೀಳಿಸುತ್ತಾನೆ, ಉಳಿದದ್ದೆಲ್ಲ ಲೈನ್ಸ್‌ಮನ್ ಕೈಯಿಂದಲೇ. ಎರಡು ನಿಮಿಷದ ಮಾಮೂಲಿ ಪೆನಾಲ್ಟಿಗೆ ಅವನು ಸೀಟಿ ಊದುವ ಹಾಗಿಲ್ಲ. ಐಸ್ ಮೇಲೆ ಒಬ್ಬ ಆಟಗಾರ ಜಾಸ್ತಿ ಇದ್ದರೆ ಊದಬಹುದು. ರೆಫರಿಯ ಕಣ್ಣು ತಪ್ಪಿದ ದೊಡ್ಡ ಅಪರಾಧ, ಅಂದರೆ ಐದು ನಿಮಿಷದ ಪೆನಾಲ್ಟಿಗೆ ತಕ್ಕದ್ದು ಕಂಡರೆ, ಆಟ ನಿಂತ ಮೇಲೆ ಹೋಗಿ ಹೇಳಬಹುದು. ಅಂದರೆ ಕಣ್ಣೆದುರೇ ಒಬ್ಬನನ್ನು ಎಳೆದು ಬೀಳಿಸಿದರೂ ಸುಮ್ನೆ ಇರಬೇಕಾದ ಸಂದರ್ಭಗಳು ಬರುತ್ತವೆ. ಇದನ್ನು ಸಹಿಸಲಾಗದವರು ಇದ್ದಾರೆ. ಅಂಥವರು ಲೈನ್ಸ್‌ಮನ್ ಆಗುವುದು ಬೇಡ.

ಹಿಂದೆ ಎನ್‌ಎಚ್‌ಎಲ್‌ನಲ್ಲಿ ಒಬ್ಬನೇ ರೆಫರಿ ಇದ್ದ. 1998-99ರಲ್ಲಿ ಕೆಲವು ಪಂದ್ಯಗಳಿಗೆ ಇಬ್ಬರನ್ನು ಹಾಕಿ ನೋಡಿದರು. 2000-01ರಿಂದ ಎಲ್ಲ ಪಂದ್ಯಕ್ಕೂ ಇಬ್ಬರು. ಇದರಿಂದ ರೆಫರಿ ಆಗುವವರಿಗೆ ಜಾಗ ಹೆಚ್ಚಾಯಿತು, ಜೊತೆಗೆ ಹೊಸ ತಲೆನೋವೂ ಬಂತು. ಇಬ್ಬರ ಅಳತೆಗೋಲು ಒಂದೇ ಇರಬೇಕು. ಒಬ್ಬ ಬಿಟ್ಟದ್ದನ್ನು ಇನ್ನೊಬ್ಬ ಹಿಡಿದರೆ ಕೋಚ್‌ಗಳಿಗೆ ಅಷ್ಟೇ ಸಾಕು.

ನೀಲಿ ಗೆರೆಯ ಪಕ್ಕದಲ್ಲಿ

ಲೈನ್ಸ್‌ಮನ್ ಕೆಲಸ ಸುಲಭ ಅನ್ನುವವರು ಅವನ ಜಾಗದಲ್ಲಿ ನಿಂತು ನೋಡಬೇಕು. ನೀಲಿ ಗೆರೆಯ ಅಗಲ ಸುಮಾರು 30 ಸೆಂಟಿಮೀಟರ್. ಒಬ್ಬ ಪಕ್ ತೆಗೆದುಕೊಂಡು ಪೂರ್ತಿ ವೇಗದಲ್ಲಿ ಬರುತ್ತಿದ್ದಾನೆ. ಅವನ ಜೊತೆಗಾರ ಗೆರೆಯ ಮೇಲೆ ಒಂದು ಕಾಲು ಎಳೆಯುತ್ತ ಕಾಯುತ್ತಿದ್ದಾನೆ. ಪಕ್ ಗೆರೆ ದಾಟಿದ ಆ ಕ್ಷಣದಲ್ಲಿ ಜೊತೆಗಾರನ ಎರಡೂ ಸ್ಕೇಟ್ ಒಳಗೆ ಹೋಗಿದ್ದವಾ, ಒಂದು ಹಿಂದೆ ಉಳಿದಿತ್ತಾ? 2020-21ರಿಂದ ಹಿಂದುಳಿದ ಸ್ಕೇಟ್ ಐಸ್ ಮುಟ್ಟಿರಲೇಬೇಕು ಎಂದಿಲ್ಲ, ಗೆರೆಯ ನೇರಕ್ಕೆ ಗಾಳಿಯಲ್ಲಿದ್ದರೂ ಸಾಕು. ಅಷ್ಟರಲ್ಲಿ ಪಕ್ ಬೋರ್ಡಿನ (ರಿಂಕಿನ ಸುತ್ತಲಿನ ಗೋಡೆ) ಗುಂಟ ನೇರ ಅವನ ಕಾಲಿಗೇ ಬರುತ್ತದೆ. ಆಗ ಅವನು ಬೋರ್ಡಿನ ಮೇಲಂಚು ಹಿಡಿದು ಮೈಯನ್ನು ಮೇಲಕ್ಕೆತ್ತಿಕೊಳ್ಳುತ್ತಾನೆ, ಪಕ್ ಕೆಳಗಿನಿಂದ ಹಾದುಹೋಗುತ್ತದೆ. ಕಣ್ಣು ಮಾತ್ರ ಗೆರೆ ಬಿಟ್ಟಿರುವುದಿಲ್ಲ.

ಐಸಿಂಗ್ ಇನ್ನೊಂದು. 2013-14ರಿಂದ ಎನ್‌ಎಚ್‌ಎಲ್‌ನಲ್ಲಿ ಹೈಬ್ರಿಡ್ ಐಸಿಂಗ್ ಇದೆ. ಪಕ್ಕಿನ ಹಿಂದೆ ಇಬ್ಬರು ಓಡುತ್ತಿದ್ದರೆ, ಅವರು ಗೋಲಿನ ಎರಡು ಬದಿಯ ಫೇಸ್‌ಆಫ್ ಚುಕ್ಕೆಗಳ ನೇರಕ್ಕೆ ಬರುವ ಹೊತ್ತಿಗೆ ಯಾರು ಮುಂದೆ ಎಂದು ಲೈನ್ಸ್‌ಮನ್ ತೀರ್ಮಾನಿಸಬೇಕು. ಇಬ್ಬರೂ ಗೋಡೆಗೆ ಅಪ್ಪಳಿಸಿ ಕಾಲು ಮುರಿದುಕೊಳ್ಳದಿರಲಿ ಎಂದು ತಂದ ನಿಯಮ. ಮೊದಲು ಓಟ ಪೂರ್ತಿ ಮುಗಿಯುತ್ತಿತ್ತು, ಪಕ್ ಯಾರು ಮುಟ್ಟಿದರು ಅಂತ ನೋಡಿದರೆ ಸಾಕಿತ್ತು. ಈಗ ಅರ್ಧದಲ್ಲೇ ತೀರ್ಪು ಕೊಡಬೇಕು.

ಫೇಸ್‌ಆಫ್ ನೋಡಲು ಚಿಕ್ಕದು. ನನಗಂತೂ ಲೈನ್ಸ್‌ಮನ್‌ನ ಗುಣ ತಿಳಿಯುವುದು ಅಲ್ಲೇ. ಇಬ್ಬರು ಸೆಂಟರ್ ಆಟಗಾರರು ಬಗ್ಗಿ ನಿಂತಿರುತ್ತಾರೆ, ಇಬ್ಬರೂ ಒಂದಿಷ್ಟು ಮೋಸ ಮಾಡುವವರೇ. 2015-16ರಿಂದ ರಕ್ಷಣಾ ವಲಯದಲ್ಲಿರುವ ತಂಡದವನು ಮೊದಲು ಕೋಲು ಊರಬೇಕು, ನಡುಚುಕ್ಕೆಯಲ್ಲಾದರೆ ಅತಿಥಿ ತಂಡದವನು. ಭುಜ ತಿರುಗಿಸಿದ, ಕಾಲು ಮುಂದಿಟ್ಟ, ಬೇಗ ಕೋಲು ಆಡಿಸಿದ ಅಂದರೆ ಅವನನ್ನು ಓಡಿಸಿ ಬೇರೊಬ್ಬನನ್ನು ಕರೆಯಬೇಕು. ಅದೇ ಫೇಸ್‌ಆಫ್‌ನಲ್ಲಿ ಅದೇ ತಂಡ ಎರಡನೇ ಸಲ ಮಾಡಿದರೆ ಪೆನಾಲ್ಟಿ. ಪ್ರತಿ ಸಲವೂ ಓಡಿಸುತ್ತ ಕೂತರೆ ಆಟ ಸಾಗುವುದಿಲ್ಲ, ಯಾವತ್ತೂ ಓಡಿಸದಿದ್ದರೆ ತಲೆ ಮೇಲೆ ಕೂರುತ್ತಾರೆ. ಪಕ್ ಬಿಟ್ಟ ಮರುಕ್ಷಣ ಎರಡು ಕೋಲುಗಳ ನಡುವಿನಿಂದ ಕೈ-ಕಾಲು ಉಳಿಸಿಕೊಂಡು ಹಿಂದೆ ಜಾರುವುದೂ ಕಲಿಯಬೇಕಾದ ವಿದ್ಯೆಯೇ.

ಗೋಲಿನ ಮೂಲೆಯಲ್ಲಿ

ರೆಫರಿ ನಿಲ್ಲುವುದು ಬೇರೆ ಕಡೆ. ಒಬ್ಬ ರೆಫರಿ ಗೋಲ್ ಗೆರೆಯ ಹತ್ತಿರ ಮೂಲೆಗೆ ಹೋಗುತ್ತಾನೆ, ಇನ್ನೊಬ್ಬ ಹಿಂದೆ ಉಳಿದು ದೂರದಿಂದ ನೋಡುತ್ತಾನೆ. ಗೋಲಿಯ, ಅಂದರೆ ಗೋಲ್‌ಕೀಪರ್‌ನ, ಮುಂದೆ ಐದಾರು ಜನ ರಾಶಿ ಬಿದ್ದಿದ್ದಾರೆ. ಪಕ್ ಗೋಲಿಯ ಪ್ಯಾಡ್ ಅಡಿ ಇದೆಯೋ, ಇನ್ನೂ ಆಚೀಚೆ ಜಾರುತ್ತಿದೆಯೋ? ಪಕ್ ಕಣ್ಣಿಗೆ ಕಾಣದೇ ಹೋದರೆ ಅವನು ಆಟ ನಿಲ್ಲಿಸಬೇಕು. ಸೋಜಿಗವೆಂದರೆ, ಸೀಟಿಯ ಸದ್ದು ಬಂದ ಕ್ಷಣಕ್ಕಲ್ಲ, ನಿಲ್ಲಿಸಬೇಕು ಎಂದು ಅವನು ಮನಸ್ಸಿನಲ್ಲಿ ನಿರ್ಧರಿಸಿದ ಕ್ಷಣಕ್ಕೇ ಆಟ ನಿಂತಿತು ಎಂದು ಎನ್‌ಎಚ್‌ಎಲ್ ನಿಯಮ ಒಪ್ಪುತ್ತದೆ. ಸೀಟಿ ಬಾಯಿಗೆ ಹೋಗುವಷ್ಟರಲ್ಲಿ ಪಕ್ ಬಲೆಗೆ ಹೋದರೂ ಗೋಲಿಲ್ಲ. ಹದಿನೆಂಟು ಸಾವಿರ ಜನ ಪಕ್ ಬಲೆಯಲ್ಲಿ ಇರುವುದನ್ನು ನೋಡುತ್ತಿರುವಾಗ "ನಾನು ಮೊದಲೇ ಅಂದುಕೊಂಡಿದ್ದೆ" ಎನ್ನಲು ಗುಂಡಿಗೆ ಬೇಕು, ಅಲ್ವಾ?

ಎರಡು ಕೆಲಸಗಳ ನಡುವಿನ ವ್ಯತ್ಯಾಸ ಇಲ್ಲೇ ಇದೆ. ಲೈನ್ಸ್‌ಮನ್‌ಗೆ ಗೆರೆ ಇದೆ. ರೆಫರಿಗೆ ಇರುವುದು ತನ್ನ ಅಂದಾಜು. ಒಬ್ಬ ಇನ್ನೊಬ್ಬನ ಕೈಗೆ ಕೋಲಿನಿಂದ ತಟ್ಟಿದ. ಅದು ಆಟದ ಭಾಗವೋ, ಪೆನಾಲ್ಟಿಯೋ? ಮೊದಲ ಪಿರಿಯಡ್‌ನಲ್ಲಿ ಬಿಟ್ಟದ್ದನ್ನು ಮೂರನೆಯದರಲ್ಲಿ ಹಿಡಿಯಬಹುದಾ? ಯಾವ ಪುಸ್ತಕದಲ್ಲೂ ಇದಕ್ಕೆ ಪೂರ್ತಿ ಉತ್ತರ ಸಿಗುವುದಿಲ್ಲ.

ಎರಡು ತಪ್ಪುಗಳ ಕತೆ

1980ರ ಮೇ 24. ಎನ್‌ಎಚ್‌ಎಲ್ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್‌ನ ಫೈನಲ್ ಸರಣಿಯ ಆರನೇ ಪಂದ್ಯ, ನ್ಯೂಯಾರ್ಕ್ ಐಲ್ಯಾಂಡರ್ಸ್ ಮತ್ತು ಫಿಲಡೆಲ್ಫಿಯಾ ಫ್ಲೈಯರ್ಸ್. ಐಲ್ಯಾಂಡರ್ಸ್‌ನ ಕ್ಲಾರ್ಕ್ ಗಿಲೀಸ್ ನೀಲಿ ಗೆರೆ ದಾಟಿ ಪಕ್ಕನ್ನು ಹಿಂದಕ್ಕೆ ಬಿಟ್ಟ. ಅದು ಗೆರೆಯ ಆಚೆ ಹೋಯಿತು. ಬುಚ್ ಗೋರಿಂಗ್ ಅದನ್ನು ಮತ್ತೆ ಒಳಗೆ ತಂದ. ಸ್ಪಷ್ಟ ಆಫ್‌ಸೈಡ್. ಲೈನ್ಸ್‌ಮನ್ ಲಿಯಾನ್ ಸ್ಟಿಕಲ್ ಕೈ ಅಗಲ ಚಾಚಿ ಸರಿಯಿದೆ ಎಂದ. ಡುವೇನ್ ಸಟ್ಟರ್ ಗೋಲು ಹೊಡೆದ. ಪಂದ್ಯ ಓವರ್‌ಟೈಮ್‌ಗೆ ಹೋಗಿ ಐಲ್ಯಾಂಡರ್ಸ್ 5-4ರಿಂದ ಗೆದ್ದು ಮೊದಲ ಕಪ್ ಎತ್ತಿತು. ಸ್ಟಿಕಲ್ ಆಮೇಲೆ ತಪ್ಪು ಒಪ್ಪಿಕೊಂಡ.

1993ರ ಮೇ 27. ಲಾಸ್ ಏಂಜಲೀಸ್ ಕಿಂಗ್ಸ್ ಮತ್ತು ಟೊರೊಂಟೊ ಮೇಪಲ್ ಲೀಫ್ಸ್, ಪ್ಲೇಆಫ್ ಸರಣಿಯ ಮತ್ತೊಂದು ಆರನೇ ಪಂದ್ಯ, ಓವರ್‌ಟೈಮ್. ವೇನ್ ಗ್ರೆಟ್ಸ್ಕಿಯ ಕೋಲು ಡಗ್ ಗಿಲ್ಮೋರ್‌ನ ಗಲ್ಲಕ್ಕೆ ತಾಗಿ ರಕ್ತ ಬಂತು. ರೆಫರಿ ಕೆರಿ ಫ್ರೇಸರ್‌ಗೆ ಅದು ಕಾಣಲಿಲ್ಲ. ಆಗ ಒಬ್ಬನೇ ರೆಫರಿ ಇದ್ದ ಕಾಲ. ಲೈನ್ಸ್‌ಮನ್‌ಗಳನ್ನು ಕೇಳಿದ, ಅವರಿಂದಲೂ ನೆರವು ಸಿಗಲಿಲ್ಲ. ಪೆನಾಲ್ಟಿ ಇಲ್ಲ. ಸ್ವಲ್ಪ ಹೊತ್ತಿಗೆ ಗ್ರೆಟ್ಸ್ಕಿಯೇ ಗೆಲುವಿನ ಗೋಲು ಹೊಡೆದ. ಏಳನೇ ಪಂದ್ಯದಲ್ಲಿ ಮೂರು ಗೋಲು ಹೊಡೆದು ಟೊರೊಂಟೊವನ್ನು ಮನೆಗೆ ಕಳಿಸಿದ.

ಈಗ ಎರಡನ್ನೂ ಪಕ್ಕಪಕ್ಕ ಇಡಿ. 2015-16ರಲ್ಲಿ ಕೋಚ್ ಚಾಲೆಂಜ್ ಬಂತು. ಸ್ಟಿಕಲ್‌ನ ತಪ್ಪು ಇಂದು ನಡೆದರೆ ಕೋಚ್ ಬೆಂಚಿನಿಂದ ಸವಾಲು ಹಾಕುತ್ತಾನೆ, ವಿಡಿಯೊ ನೋಡುತ್ತಾರೆ, ಗೋಲು ರದ್ದಾಗುತ್ತದೆ, ಆಟ ಮುಂದುವರಿಯುತ್ತದೆ. ಲೈನ್ಸ್‌ಮನ್‌ಗೆ ಸ್ವಲ್ಪ ಮುಜುಗರ, ಅಷ್ಟೇ. ಫ್ರೇಸರ್‌ನ ತಪ್ಪಿಗೆ ಈಗಲೂ ಮದ್ದಿಲ್ಲ. ಕೊಟ್ಟ ದೊಡ್ಡ ಪೆನಾಲ್ಟಿಯನ್ನು ರೆಫರಿ ಮತ್ತೆ ವಿಡಿಯೊದಲ್ಲಿ ನೋಡಬಹುದು. ಕೊಡದೇ ಬಿಟ್ಟದ್ದು ಬಿಟ್ಟ ಹಾಗೆಯೇ. 1,904 ಪಂದ್ಯ ನಡೆಸಿದ ಮನುಷ್ಯನನ್ನು ಜನ ಇವತ್ತಿಗೂ ಕೇಳುವುದು ಆ ಒಂದು ಕೋಲಿನ ಬಗ್ಗೆ.

ರೆಫರಿಯ ಅಂದಾಜಿನ ಮೇಲೆ ನಂಬಿಕೆ ಹೋದರೆ ಏನಾಗುತ್ತದೆ ಎಂಬುದಕ್ಕೆ 2021ರ ಮಾರ್ಚ್ ನೋಡಿ. ನ್ಯಾಶ್‌ವಿಲ್ ತಂಡದ ಮೇಲೆ ಆಟದ ಶುರುವಿನಲ್ಲೇ ಒಂದು ಪೆನಾಲ್ಟಿ ಹಾಕಬೇಕು ಅಂತಿದ್ದೆ ಎಂಬರ್ಥದ ಮಾತು ರೆಫರಿ ಟಿಮ್ ಪೀಲ್ ಬಾಯಿಂದ ಬಂತು. ಮೈಕ್ ಆನ್ ಇತ್ತು. ಮಾರನೇ ದಿನವೇ ಲೀಗ್ ಅವನ ಕೆಲಸ ಮುಗಿಯಿತು ಎಂದು ಪ್ರಕಟಿಸಿತು. ಅವನು ಹೇಗೂ ಆ ಋತುವಿನಲ್ಲೇ ನಿವೃತ್ತನಾಗುವವನಿದ್ದ. ಲೈನ್ಸ್‌ಮನ್‌ಗೆ ಈ ಅಪಾಯ ಕಮ್ಮಿ. ಪೆನಾಲ್ಟಿಯ ಹಾಗೆ ಆಫ್‌ಸೈಡ್ ಅನ್ನು ಬೇಕೆಂದಾಗ ಯಾರ ಮೇಲೂ ಹಾಕಲು ಬರುವುದಿಲ್ಲ.

ಮೈ ಮೇಲಿನ ಲೆಕ್ಕ

ಬೈಗುಳ ಜಾಸ್ತಿ ರೆಫರಿಗೆ. ಪೆಟ್ಟು ಜಾಸ್ತಿ ಲೈನ್ಸ್‌ಮನ್‌ಗೆ. ನನ್ನ ಅಂದಾಜು ಹೀಗಿದೆ, ಒಪ್ಪದವರೂ ಇರಬಹುದು. ಪಕ್ ಅಂದರೆ 156ರಿಂದ 170 ಗ್ರಾಂ ತೂಕದ ಗಟ್ಟಿ ರಬ್ಬರ್, ಪಂದ್ಯಕ್ಕೆ ಮುಂಚೆ ಹೆಪ್ಪುಗಟ್ಟಿಸಿದ್ದು. ಅದು ಇಬ್ಬರಿಗೂ ಬಡಿಯುತ್ತದೆ. ಹೊಡೆದಾಟದ ನಡುವೆ ನುಗ್ಗುವುದು ಮಾತ್ರ ಲೈನ್ಸ್‌ಮನ್‌ಗಳ ಪಾಲು. ಇಬ್ಬರೂ ಮಾತಾಡಿಕೊಂಡು ಎರಡು ಬದಿಯಿಂದ ಒಟ್ಟಿಗೇ ಹೋಗುತ್ತಾರೆ, ಒಬ್ಬನ ಕೈ ಹಿಡಿದು ಇನ್ನೊಬ್ಬನ ಕೈ ಬಿಟ್ಟರೆ ಹಿಡಿಸಿಕೊಂಡವನಿಗೆ ಅನ್ಯಾಯ. ಸಾಮಾನ್ಯವಾಗಿ ಇಬ್ಬರೂ ಸುಸ್ತಾಗುವವರೆಗೆ ಅಥವಾ ಕೆಳಗೆ ಬೀಳುವವರೆಗೆ ಕಾಯುತ್ತಾರೆ. ಆ ಹೊತ್ತಿಗೆ ರೆಫರಿಗಳು ದೂರ ನಿಂತು ಯಾರು ಏನು ಮಾಡಿದರು ಅಂತ ಲೆಕ್ಕ ಇಟ್ಟುಕೊಳ್ಳುತ್ತಾರೆ.

2016ರ ಜನವರಿ 27ರಂದು ಕ್ಯಾಲ್ಗರಿಯಲ್ಲಿ ಆಟಗಾರ ಡೆನಿಸ್ ವೈಡ್‌ಮನ್ ಬೆಂಚಿನ ಕಡೆ ಬರುತ್ತ ಲೈನ್ಸ್‌ಮನ್ ಡಾನ್ ಹೆಂಡರ್ಸನ್‌ಗೆ ಹಿಂದಿನಿಂದ ಕೋಲಿನಿಂದ ಗುದ್ದಿದ. ಲೀಗ್ 20 ಪಂದ್ಯ ಹೊರಗಿಟ್ಟಿತು, ಮಧ್ಯಸ್ಥಗಾರ ಅದನ್ನು 10ಕ್ಕೆ ಇಳಿಸಿದ. ಹೆಂಡರ್ಸನ್ ಕುತ್ತಿಗೆಗೆ ಶಸ್ತ್ರಚಿಕಿತ್ಸೆ ಆಯಿತು. ಅವನು ಮತ್ತೆ ಪಂದ್ಯಕ್ಕೆ ಇಳಿಯಲೇ ಇಲ್ಲ. ಅಂದಹಾಗೆ ಎನ್‌ಎಚ್‌ಎಲ್‌ನಲ್ಲಿ ಎಲ್ಲ ಅಧಿಕಾರಿಗಳಿಗೂ ಹೆಲ್ಮೆಟ್ ಕಡ್ಡಾಯ ಆದದ್ದು 2006-07ರಲ್ಲಿ. ಅಷ್ಟು ತಡವಾಗಿ! ಫ್ರೇಸರ್‌ನ ಬಾಚಿದ ಕೂದಲು ಅಷ್ಟು ಪ್ರಸಿದ್ಧ ಆಗಿದ್ದು ಅದಕ್ಕೇ.

ಎಷ್ಟು ವರ್ಷ ಬಾಳಿಕೆ ಬರುತ್ತದೆ ಎಂಬುದರಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಫ್ರೇಸರ್ 2010ರಲ್ಲಿ ಬಿಟ್ಟಾಗ 57 ವರ್ಷ. ಲೈನ್ಸ್‌ಮನ್ ರೇ ಸ್ಕಾಪಿನೆಲ್ಲೊ 2004ರಲ್ಲಿ ಬಿಟ್ಟಾಗಲೂ 57. ಸ್ಕಾಪಿನೆಲ್ಲೊ 1971ರಿಂದ 33 ಋತು, 2,500 ಪಂದ್ಯ, ಒಂದನ್ನೂ ತಪ್ಪಿಸಲಿಲ್ಲ. ಲೈನ್ಸ್‌ಮನ್‌ಗೆ ಹೆಸರು ಬರುವುದಿಲ್ಲ ಅನ್ನುವವರಿಗೆ: ಅವನು 2008ರಲ್ಲಿ ಹಾಕಿ ಹಾಲ್ ಆಫ್ ಫೇಮ್ ಸೇರಿದ. ಇನ್ನೊಬ್ಬ ಲೈನ್ಸ್‌ಮನ್ ಮ್ಯಾಟ್ ಪಾವೆಲಿಚ್ ಅವನಿಗಿಂತ ಎಷ್ಟೋ ಮೊದಲು, 1987ರಲ್ಲೇ, ಆ ಬಾಗಿಲು ತೆರೆದಿದ್ದ.

ಸಂಬಳ, ಪ್ರಯಾಣ, ಮನೆ

ರೆಫರಿಗೆ ಲೈನ್ಸ್‌ಮನ್‌ಗಿಂತ ಸಂಬಳ ಹೆಚ್ಚು. ಮೇಲಿನ ಲೀಗ್ ತಲುಪಿದರೆ ಇಬ್ಬರೂ ಅದರಲ್ಲೇ ಚೆನ್ನಾಗಿ ಬದುಕಬಹುದು. ನಿಜವಾದ ಪ್ರಶ್ನೆ ತಲುಪುವ ಮುಂಚಿನ ವರ್ಷಗಳದ್ದು. ಎನ್‌ಎಚ್‌ಎಲ್‌ಗೆ ಒಂದು ಮೆಟ್ಟಿಲು ಕೆಳಗಿನ ಎಎಚ್‌ಎಲ್‌ನಲ್ಲಿ ರೆಫರಿಗಳು ಊರೂರು ಸುತ್ತುತ್ತಾರೆ. ಲೈನ್ಸ್‌ಮನ್‌ಗಳು ಹೆಚ್ಚಾಗಿ ಆಯಾ ಊರಿನ ಸುತ್ತಮುತ್ತಲಿನವರು, ಹಗಲು ಬೇರೆ ಕೆಲಸ ಮಾಡಿ ಸಂಜೆ ರಿಂಕಿಗೆ ಬರುವವರು. ಮಕ್ಕಳು ಚಿಕ್ಕವರಿದ್ದಾರೆ, ಕೈಯಲ್ಲಿ ಒಂದು ಒಳ್ಳೆಯ ಕೆಲಸ ಇದೆ ಅಂದರೆ ಲೈನ್ಸ್‌ಮನ್ ದಾರಿಯಲ್ಲಿ ಅದನ್ನು ಬಿಡದೆ ಬಹಳ ದೂರ ಬರಬಹುದು. ರೆಫರಿ ದಾರಿಯಲ್ಲಿ ಬೇಗ ಒಂದು ಕಾಲು ಈಚೆ ಇಡಲೇಬೇಕಾಗುತ್ತದೆ.

ಎನ್‌ಎಚ್‌ಎಲ್ ಸೇರಿದ ಮೇಲೆ ಇಬ್ಬರ ಪಾಡೂ ಒಂದೇ. ಆಟಗಾರರಿಗೆ ಅರ್ಧ ಪಂದ್ಯ ತಮ್ಮೂರಲ್ಲಿ. ಅಧಿಕಾರಿಗಳಿಗೆ ತಮ್ಮೂರು ಅನ್ನುವುದೇ ಇಲ್ಲ. 2024-25ರಲ್ಲಿ 32 ತಂಡಗಳ 1,312 ಪಂದ್ಯ ನಡೆದವು. ಪ್ರತಿಯೊಂದಕ್ಕೂ ನಾಲ್ವರು ಬೇಕು, ಇರುವವರು ನೂರಕ್ಕಿಂತ ಕಡಿಮೆ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಸೂಟ್‌ಕೇಸ್ ಬಿಚ್ಚುವ ಹಾಗಿಲ್ಲ. ಪ್ಲೇಆಫ್‌ಗೆ ಹಿರಿತನ ನೋಡಿ ಕಳಿಸುವುದಿಲ್ಲ, ಕೆಲಸ ನೋಡಿ ಆರಿಸುತ್ತಾರೆ. ಸುತ್ತು ಸುತ್ತಿಗೂ ಪಟ್ಟಿ ಚಿಕ್ಕದಾಗುತ್ತ ಹೋಗುತ್ತದೆ. ಇವರಿಗೆ 1969ರಿಂದ ತಮ್ಮದೇ ಸಂಘ ಇದೆ, 1993ರ ನವೆಂಬರ್‌ನಲ್ಲಿ ಮುಷ್ಕರವನ್ನೂ ಹೂಡಿದ್ದರು.

ಯುರೋಪ್ ದಾರಿ ಹಿಡಿಯುವವರಿಗೆ ಒಂದು ಮಾತು. ಅಲ್ಲಿನ ದೊಡ್ಡ ಲೀಗ್‌ಗಳಲ್ಲಿ ಪೂರ್ಣಾವಧಿಯವರ ಜೊತೆಗೆ ಬೇರೆ ಉದ್ಯೋಗ ಇಟ್ಟುಕೊಂಡವರೂ ಪಂದ್ಯ ನಡೆಸುತ್ತಾರೆ. ಅಂತರರಾಷ್ಟ್ರೀಯ ನಿಯಮದಲ್ಲಿ ಹೊಡೆದಾಟಕ್ಕೆ ಎನ್‌ಎಚ್‌ಎಲ್‌ಗಿಂತ ಕಠಿಣ ಶಿಕ್ಷೆ ಇರುವುದರಿಂದ ಲೈನ್ಸ್‌ಮನ್‌ಗೆ ಕುಸ್ತಿ ಬಿಡಿಸುವ ಕೆಲಸ ಕಮ್ಮಿ. ರಿಂಕೂ ಕೆಲವು ಕಡೆ ಅಗಲ, ಕಾಲಿಗೆ ಕೆಲಸ ಜಾಸ್ತಿ.

ಎಲ್ಲಿಂದ ಬಂದಿದ್ದೀರಿ

ಹಳೇ ಆಟಗಾರರಾಗಿದ್ದರೆ ಸ್ಕೇಟಿಂಗ್ ಆಗಲೇ ಕೈವಶ, ಅಲ್ಲ, ಕಾಲ್ವಶ. ಎನ್‌ಎಚ್‌ಎಲ್ 2014ರಿಂದ ಬಫಲೋದಲ್ಲಿ ಅಧಿಕಾರಿಗಳಿಗಾಗಿ ಶಿಬಿರ ನಡೆಸುತ್ತ ಬಂದಿರುವುದು ಮುಖ್ಯವಾಗಿ ಇಂಥವರನ್ನು ಹುಡುಕುವುದಕ್ಕೇ. ರೆಫರಿ ವೆಸ್ ಮೆಕಾಲಿ ಮಿಷಿಗನ್ ಸ್ಟೇಟ್‌ಗೆ ಆಡಿದವನು, ಅಪ್ಪನೂ ಎನ್‌ಎಚ್‌ಎಲ್ ರೆಫರಿ. ಆಟಗಾರನ ತಲೆಯಲ್ಲಿ ಏನು ಓಡುತ್ತಿದೆ ಎಂದು ತಿಳಿದಿರುವುದು ರೆಫರಿ ಕೆಲಸಕ್ಕೆ ಹೆಚ್ಚು ಉಪಯೋಗ. ಹದಿಹರೆಯದಿಂದಲೇ ಸೀಟಿ ಹಿಡಿದು ಬಂದವರಿಗೆ ನಿಯಮ, ನಿಲ್ಲುವ ಜಾಗ, ಸನ್ನೆ ಎಲ್ಲ ರಕ್ತಗತ. ಇವರು ಎರಡೂ ಕಡೆ ಸಲ್ಲುತ್ತಾರೆ.

ಹೆಣ್ಣುಮಕ್ಕಳಿಗೆ ಬಾಗಿಲು ಎರಡೂ ಕಡೆ ತೆರೆಯುತ್ತಿದೆ, ನಿಧಾನವಾಗಿ. 2021ರ ಅಕ್ಟೋಬರ್‌ನಲ್ಲಿ ಕೇಟಿ ಗೇ ಎಎಚ್‌ಎಲ್ ಪಂದ್ಯಕ್ಕೆ ರೆಫರಿ ಆದ ಮೊದಲ ಮಹಿಳೆಯಾದರು. ಅದೇ ಋತುವಿನಲ್ಲಿ ಆ ಲೀಗ್ ಹತ್ತು ಮಹಿಳೆಯರನ್ನು ಅಧಿಕಾರಿಗಳ ಪಟ್ಟಿಗೆ ಸೇರಿಸಿತ್ತು.

ಹಾಗಾದರೆ ನೀವು?

ಜಗಳದ ನಡುವೆ ದನಿ ಏರಿಸದೆ ಮಾತಾಡಬಲ್ಲಿರಾ? ನೂರು ಜನ ತಪ್ಪು ಅಂದರೂ, ನಿಮಗೇ ಅನುಮಾನ ಇದ್ದರೂ, ಮುಂದಿನ ನಿಮಿಷ ಹೊಸದಾಗಿ ಶುರು ಮಾಡಬಲ್ಲಿರಾ? ಹೌದಾದರೆ ರೆಫರಿ. ಕಣ್ಣು ಚುರುಕು, ಹಿಂದಕ್ಕೆ ಸ್ಕೇಟ್ ಮಾಡುವುದು ಮುಂದಕ್ಕೆ ಮಾಡಿದಷ್ಟೇ ಸಲೀಸು, ತಪ್ಪು-ಸರಿ ಇಂಚಿನಲ್ಲಿ ತೀರ್ಮಾನ ಆಗಬೇಕು, ಯಾರೂ ಹೆಸರು ಕೇಳದಿದ್ದರೆ ಇನ್ನೂ ಸಂತೋಷ ಅನ್ನುವವರು ಲೈನ್ಸ್‌ಮನ್. ನನ್ನನ್ನು ಕೇಳಿದರೆ ಎರಡನೆಯದನ್ನೇ ಆರಿಸುತ್ತೇನೆ. ಒಂದು ಕೋಲಿನ ಏಟನ್ನು ಮೂವತ್ತು ವರ್ಷ ಹೊತ್ತು ತಿರುಗುವ ತಾಕತ್ತು ನನಗಿಲ್ಲ.

ಅದೃಷ್ಟಕ್ಕೆ ಮೊದಲ ದಿನವೇ ಆರಿಸಬೇಕಿಲ್ಲ. ಚಿಕ್ಕ ಮಕ್ಕಳ ಪಂದ್ಯಗಳಲ್ಲಿ ಬಹಳ ಕಡೆ ಇಬ್ಬರೇ ಅಧಿಕಾರಿಗಳು ಇರುತ್ತಾರೆ. ಇಬ್ಬರೂ ಆಫ್‌ಸೈಡೂ ನೋಡಬೇಕು, ಪೆನಾಲ್ಟಿಯೂ ಹಾಕಬೇಕು, ಪಕ್ಕೂ ಬೀಳಿಸಬೇಕು. ಅಂಥ ನಲವತ್ತು-ಐವತ್ತು ಪಂದ್ಯ ಮಾಡಿ. ಪಂದ್ಯ ಮುಗಿಸಿ ಹೋಗುವಾಗ ತಲೆಯಲ್ಲಿ ಮತ್ತೆ ಮತ್ತೆ ಬರುವುದು ಯಾವುದು ಅಂತ ಗಮನಿಸಿ. ಗೆರೆ ತಪ್ಪಿದ್ದಾ, ಪೆನಾಲ್ಟಿ ತಪ್ಪಿದ್ದಾ? ಯಾವುದು ಮಲಗುವ ಹೊತ್ತಿಗೆ ಮರೆತುಹೋಗುತ್ತದೋ ಆ ಕಡೆ ಹೋಗಿ.

ಸಾಮಾನಿನ ಖರ್ಚು ಎರಡಕ್ಕೂ ಒಂದೇ. ಸ್ಕೇಟ್, ಹೆಲ್ಮೆಟ್, ಕಪ್ಪು ಪ್ಯಾಂಟ್, ಮೊಣಕಾಲು-ಮೊಣಕೈ ಕಾಪು, ಪಟ್ಟೆ ಅಂಗಿ, ಬೆರಳಿಗೆ ಸಿಕ್ಕಿಸಿಕೊಳ್ಳುವ ಸೀಟಿ. ತೋಳಪಟ್ಟಿ ಮಾತ್ರ ಬೇರೆ. ಲೈನ್ಸ್‌ಮನ್ ಆಗುವುದೇ ಖಾತ್ರಿ ಅನಿಸಿದರೂ ಒಂದು ಜೊತೆ ಬ್ಯಾಗಿನಲ್ಲಿ ಬಿದ್ದಿರಲಿ. ಪಂದ್ಯಕ್ಕೆ ಹತ್ತು ನಿಮಿಷ ಇರುವಾಗ ರೆಫರಿ ಬರುವುದಿಲ್ಲ ಅಂತ ಫೋನ್ ಬರುವುದುಂಟು.